ಸಾಕ್ಷಿಗೆ ಹಾಕಿದ ರಫು

ನಮ್ಮ ಬೀದಿಯಲ್ಲಿ ಆಕೆಯನ್ನು ಎಲ್ಲರೂ ರಫು ಅಕ್ಕ ಎನ್ನುತ್ತಾರೆ. ಆಕೆಗಿಂತ ಎಷ್ಟೋ ಹಿರಿಯರೂ ಹಾಗೇ ಕರೆಯುವುದರಿಂದ ಅದು ಸಂಬಂಧವಲ್ಲ, ಹುದ್ದೆ ಎಂದು ತಿಳಿಯಬೇಕು. ಹಳೆಯ ಮೂರಂತಸ್ತಿನ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಜಾಗ ಆಕೆಯ ಅಂಗಡಿ. ನೆಟ್ಟಗೆ ನಿಂತರೆ ತಲೆ ತಾಗುತ್ತದೆ. ರಫು ಹಾಕುವವರು ನಿಂತು ಕೆಲಸ ಮಾಡುವುದಿಲ್ಲವಾದ್ದರಿಂದ ತೊಂದರೆಯಾಗಿಲ್ಲ. ಎಡಕ್ಕೆ ಡ್ರೈಕ್ಲೀನಿಂಗ್ ಅಂಗಡಿ, ಬಲಕ್ಕೆ ಬೀಗದ ಕೈ ಮಾಡುವವನ ಪೆಟ್ಟಿಗೆಯಂಥ ಮಳಿಗೆ. ಒಳಗೆ ಒಂದು ಕಿಟಕಿ, ಕತ್ತು ಬಗ್ಗಿಸುವ ಎರಡು ದೀಪ, ಬಣ್ಣಬಣ್ಣದ ಎಳೆ ಸುತ್ತಿದ ರಟ್ಟಿನ ಚೂರುಗಳು, ಗಿರಾಕಿಗಳು ಕೂರಲೆಂದು ಇಟ್ಟರೂ ಯಾವಾಗಲೂ ಬಟ್ಟೆಯ ಗಂಟೇ ಕೂತಿರುವ ಒಂದು ಕುರ್ಚಿ.

ರಫು ಎಂದರೆ ತೇಪೆಯಲ್ಲ. ತೇಪೆ ಹಾಕುವವರು ಹೊರಗಿನಿಂದ ಬೇರೆ ಬಟ್ಟೆ ತರುತ್ತಾರೆ. ರಫು ಹಾಕುವವರು ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಬಿಡಿಸಿಕೊಂಡು, ಹರಿದ ಜಾಗದಲ್ಲಿ ಮೊದಲಿದ್ದ ನೇಯ್ಗೆಯನ್ನೇ ಮತ್ತೆ ನೇಯುತ್ತಾರೆ. ನೋಡುವವರ ಕಣ್ಣು ಸೂಜಿ ಹಿಡಿದ ಬಲಗೈ ಮೇಲಿರುತ್ತದೆ. ಕೆಲಸ ನಿಂತಿರುವುದು ಮಾತ್ರ ಎಡಗೈ ಮೇಲೆ. ಎಡಗೈ ಬೆರಳುಗಳು ಬಟ್ಟೆಯನ್ನು ಅಡಿಯಿಂದ ಹರಡಿ ಬಿಗಿಯಾಗಿ ಹಿಡಿದಿರಬೇಕು. ಬಿಗಿ ಸ್ವಲ್ಪ ತಪ್ಪಿದರೂ ಎಳೆಗಳು ಮುದುಡಿಕೊಂಡು ಹರಿದ ಜಾಗ ಗಾಯದ ಕಲೆಯ ಹಾಗೆ ಎದ್ದು ಕಾಣುತ್ತದೆ.

ಈ ವಿದ್ಯೆ ಆಕೆಗೆ ಬಂದದ್ದು ಅತ್ತೆಯಿಂದ. ಮದುವೆಯಾಗಿ ಬಂದ ಮರುವಾರವೇ ಅತ್ತೆ ಸೊಸೆಯ ಕೈಗೆ ಸೂಜಿ ಕೊಟ್ಟು ಹೇಳಿದರಂತೆ: "ಅಡುಗೆ ಬರದಿದ್ರೂ ನಡೆಯುತ್ತೆ, ನನ್ನ ಮಗ ಕಲ್ಲು ಬೇಯಿಸಿ ಹಾಕಿದ್ರೂ ತಿಂತಾನೆ. ಇದು ಬರದಿದ್ರೆ ನಡೆಯೋದಿಲ್ಲ." ಈಗ ಅತ್ತೆಯ ಕಣ್ಣು ಮಂಜಾಗಿದೆ. ಸೂಜಿ ಬಿಟ್ಟು ಕೆಲವು ವರ್ಷಗಳಾದವು. ಬಾಯಿ ಬಿಟ್ಟಿಲ್ಲ. ದಿನವೂ ಸೊಸೆಯ ಜೊತೆ ಅಂಗಡಿಗೆ ಬಂದು, ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತು, ಬೀದಿಯಲ್ಲಿ ಹೋಗುವವರ ನಡಿಗೆಯ ಸದ್ದಿನಿಂದಲೇ ಅವರ ಗುಣ ಹೇಳುತ್ತಾರೆ. ಬಹುಪಾಲು ಕೆಟ್ಟ ಗುಣಗಳನ್ನೇ. ಮಗ ದೂರದ ಊರುಗಳಿಗೆ ಲಾರಿ ಓಡಿಸುತ್ತಾನೆ. ಮನೆಯಲ್ಲಿ ಇರುವ ದಿನಗಳಿಗಿಂತ ಫೋನಿನಲ್ಲಿ ಇರುವ ದಿನಗಳು ಹೆಚ್ಚು.

ಅಪಘಾತವಾದದ್ದು ಒಂದು ಚಳಿಯ ಬೆಳಿಗ್ಗೆ, ಅಂಗಡಿಯ ಮುಂದೆಯೇ. ಆಕೆ ಅತ್ತೆಯನ್ನು ಸ್ಟೂಲಿನ ಮೇಲೆ ಕೂರಿಸಿ, ಎದುರುಗಡೆಯ ಗಿರಾಕಿಯೊಬ್ಬರಿಗೆ ಬಟ್ಟೆ ಮುಟ್ಟಿಸಲು ರಸ್ತೆ ದಾಟುತ್ತಿದ್ದಳು. ತಿರುವಿನಲ್ಲಿ ಬಂದ ಸ್ಕೂಟರಿನವನ ಕಣ್ಣು ಹ್ಯಾಂಡಲಿಗೆ ಸಿಕ್ಕಿಸಿದ್ದ ಫೋನಿನ ನಕ್ಷೆಯ ಮೇಲಿತ್ತು. ಸ್ಕೂಟರಿನ ಕನ್ನಡಿ ಆಕೆಯ ಉಣ್ಣೆ ಕೋಟಿನ ತೋಳಿಗೆ ಸಿಕ್ಕಿ, ಮೊಣಕೈಯಿಂದ ಮಣಿಕಟ್ಟಿನ ತನಕ ಸೀಳಿತು. ಆಕೆ ಎಡಗೈ ಊರಿಕೊಂಡು ಬಿದ್ದಳು. ಅವನೂ ಬಿದ್ದ. ಅವನ ಬೆನ್ನಿನ ಮೇಲಿದ್ದ ಡೆಲಿವರಿ ಚೀಲ ಹರಿದು ಒಳಗಿದ್ದ ಹುಟ್ಟುಹಬ್ಬದ ಕೇಕು ಅರ್ಧ ರಸ್ತೆಗೆ, ಅರ್ಧ ಆಕೆಯ ಹರಿದ ತೋಳಿಗೆ ಮೆತ್ತಿಕೊಂಡಿತು. ನೀಲಿ ಕ್ರೀಮಿನ ಕೇಕು.

ಆಕೆ ತಲೆ ಎತ್ತಿ ನೋಡಿದರೆ ಅವನು ಹುಡುಗನಲ್ಲ. ಐವತ್ತು ದಾಟಿದ ಮನುಷ್ಯ, ಬೂದು ಮೀಸೆ, ಮೂಗಿಗೆ ಜಾರಿದ ಕನ್ನಡಕ. "ಅಮ್ಮಾ ತಪ್ಪಾಯ್ತು, ಅಮ್ಮಾ ತಪ್ಪಾಯ್ತು" ಎನ್ನುತ್ತಲೇ ಫೋನು ಕಿತ್ತುಕೊಂಡು ಫೋಟೊ ತೆಗೆಯತೊಡಗಿದ.

"ಏನಣ್ಣ ಇದು, ಬಿದ್ದ ಹೆಂಗಸನ್ನ ಎಬ್ಬಿಸೋದು ಬಿಟ್ಟು ಕೇಕಿನ ಫೋಟೊ ತೆಗೀತಿದೀರಿ?" ಎಂದಳು ಆಕೆ.

"ಆ್ಯಪ್ ಕೇಳುತ್ತಮ್ಮಾ. ಒಡೆದದ್ದಕ್ಕೆ ಫೋಟೊ ಹಾಕದಿದ್ರೆ ಕೇಕಿನ ದುಡ್ಡು ನನ್ನ ತಲೆಗೇ ಕಟ್ಟುತ್ತೆ."

"ಕೇಕಿಗಾದ್ರೂ ಕೇಳೋರಿದ್ದಾರಲ್ಲ, ಪುಣ್ಯ ಮಾಡಿತ್ತು," ಎಂದರು ಅತ್ತೆ ಸ್ಟೂಲಿನಿಂದ.

ಜನ ಸೇರಿದರು. ಪೊಲೀಸರಿಗೆ ಹೇಳಿ ಎಂದವರೂ ಇದ್ದರು. ರಫು ಅಕ್ಕ ಲಾರಿ ಡ್ರೈವರನ ಹೆಂಡತಿ. ರಸ್ತೆಯಲ್ಲಿ ಜನ ಮುತ್ತಿದಾಗ ಡ್ರೈವರನ ಮುಖ ಹೇಗಾಗುತ್ತದೆಂದು ಗಂಡ ಹೇಳಿ ಕೇಳಿದ್ದಾಳೆ. ಕೈ ಕೊಡವಿಕೊಂಡು, "ಏನಾಗಿಲ್ಲ, ನೀವು ಹೊರಡಿ ಅಣ್ಣ" ಎಂದಳು. ಹೊರಟವನ ಬೆನ್ನು ನೋಡಿ ಅಭ್ಯಾಸಬಲದಿಂದ ಇನ್ನೊಂದು ಮಾತು ಸೇರಿಸಿದಳು: "ಆ ಚೀಲ ತಗೊಂಡು ಬನ್ನಿ ಒಂದಿನ. ಹೊಲಿದು ಕೊಡ್ತೀನಿ."

ಈಗ ಆಕೆ ಮಾಡಿದ ತಪ್ಪಿನ ವಿಷಯ. ಇಂಥ ತಪ್ಪನ್ನು ಆಕೆಯ ಕಸುಬಿನವರಲ್ಲದೆ ಬೇರೆ ಯಾರೂ ಮಾಡಲಾರರು. ಹರಿದ ಬಟ್ಟೆ ತೊಟ್ಟು ರಫು ಅಂಗಡಿಯಲ್ಲಿ ಕೂರುವುದು ಆ ಮನೆಯಲ್ಲಿ ಮಾನಗೇಡು. ಹರಿದದ್ದು ಮರುದಿನ ಮೈಮೇಲೆ ಕಾಣಬಾರದೆಂಬುದು ಅತ್ತೆಯ ಕಾಲದಿಂದ ನಡೆದುಬಂದ ಕಟ್ಟಳೆ. ಆಕೆ ಕೋಟನ್ನು ಪಕ್ಕದ ಡ್ರೈಕ್ಲೀನಿಂಗಿನವನಿಗೆ ಕೊಟ್ಟು ಕ್ರೀಮಿನ ಜಿಡ್ಡು ತೆಗೆಸಿದಳು. ಮಧ್ಯಾಹ್ನದ ಮೇಲೆ ಬೇರೆ ಕೆಲಸವೆಲ್ಲ ಬದಿಗಿಟ್ಟು ತೋಳಿಗೆ ರಫು ಹಾಕಲು ಕೂತಳು. ಎಡ ಹೆಬ್ಬೆರಳಿನ ಬುಡದಲ್ಲಿ ನೋವು ಇತ್ತು. ಬಿದ್ದ ಕೈ, ನೋಯದೆ ಇರುತ್ತದೆಯೆ ಎಂದು ಹಲ್ಲು ಕಚ್ಚಿ ಮುಗಿಸಿದಳು. ಆಕೆ ಹಾಕಿದ ರಫುಗಳಲ್ಲೇ ಅದು ಒಳ್ಳೆಯದು ಎಂದು ನೋಡಿದವರೆಲ್ಲ ಹೇಳಿದರು. ದುರದೃಷ್ಟವೆಂದರೆ ಅದು ನಿಜವಾಗಿಯೂ ಹಾಗೇ ಇತ್ತು.

ಮಣಿಕಟ್ಟು ಊದಿಕೊಂಡಿತು. ಎಕ್ಸ್‌ರೇ ತೆಗೆದವರು ಏನೂ ಇಲ್ಲ, ಉಳುಕು ಎಂದು ಪಟ್ಟಿ ಸುತ್ತಿ ಕಳಿಸಿದರು. ಕೆಲವು ವಾರಗಳಾದರೂ ನೋವು ಇಳಿಯಲಿಲ್ಲ. ಬಟ್ಟೆ ಹಿಡಿದರೆ ಬೆರಳು ತಾನಾಗಿ ಬಿಟ್ಟುಕೊಳ್ಳುತ್ತಿತ್ತು. ದೊಡ್ಡಾಸ್ಪತ್ರೆಯ ಮೂಳೆ ಡಾಕ್ಟರು ಮತ್ತೆ ಚಿತ್ರ ತೆಗೆಸಿ ತೋರಿಸಿದರು. ಹೆಬ್ಬೆರಳಿನ ಬುಡದಲ್ಲಿ ಗೋಡಂಬಿಯ ಆಕಾರದ ಒಂದು ಸಣ್ಣ ಮೂಳೆ ನಡುವೆ ಬಿರುಕು ಬಿಟ್ಟಿತ್ತು. ಆ ಮೂಳೆ ಮುರಿದದ್ದು ಮೊದಲ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದಿಲ್ಲವಂತೆ. ರಕ್ತ ಕಡಿಮೆ ಹರಿಯುವ ಜಾಗವಾದ್ದರಿಂದ ತಾನಾಗಿ ಕೂಡುವುದೂ ಕಷ್ಟವಂತೆ. ಒಳಗೆ ಸ್ಕ್ರೂ ಹಾಕಿ ಕೂಡಿಸಬೇಕು, ತಡಮಾಡಿದರೆ ಆ ಚೂರು ಸತ್ತೇಹೋಗಬಹುದು, ಆಮೇಲೆ ಕೈಯಲ್ಲಿ ಹಿಡಿತ ಬರುವುದಿಲ್ಲ ಎಂದರು.

"ಯಾವ ಕೈಯಲ್ಲಿ ಬರೀತೀರಿ?"

"ಬಲಗೈಲಿ."

"ಹಾಗಾದ್ರೆ ಪರವಾಗಿಲ್ಲ ಬಿಡಿ."

ಆಕೆ ಮೊಣಕೈವರೆಗೆ ಪ್ಲಾಸ್ಟರು ಹಾಕಿಸಿಕೊಂಡು ಬಂದು ಅಂಗಡಿಯ ಬಾಗಿಲು ಹಾಕಿದಳು.

ಗಂಡನ ಸಂಬಳ ಬಾಡಿಗೆಗೂ ಊಟಕ್ಕೂ ತಾಯಿಯ ಔಷಧಿಗೂ ಸರಿಹೋಗುತ್ತಿತ್ತು. ಆಪರೇಷನ್ನಿಗೆ ಏನೂ ಉಳಿಯುತ್ತಿರಲಿಲ್ಲ. ಅಪಘಾತವಾದ ದಿನ ಫೋನಿನಲ್ಲಿ "ಪಾಪ ಡ್ರೈವರು, ಬಿಟ್ಟದ್ದು ಒಳ್ಳೇದಾಯ್ತು" ಎಂದಿದ್ದವನು, ಈಗ ಮನೆಗೆ ಬಂದು ಹೆಂಡತಿ ಒಂಟಿಕೈಯಲ್ಲಿ ಗುಂಡಿ ಹಾಕಿಕೊಳ್ಳಲು ಒದ್ದಾಡುವುದನ್ನು ನೋಡಿ ತಾನೇ ಹಾಕಿಕೊಟ್ಟ. ಆಮೇಲೆ, "ಪರಿಹಾರ ಕೇಳು" ಎಂದ.

"ಅವನೂ ನಿಮ್ಮ ಹಾಗೇ ರಸ್ತೆ ಮೇಲೆ ದುಡಿಯೋನಲ್ವಾ?"

"ಅವನನ್ನ ಯಾರು ಕೇಳು ಅಂದ್ರು? ನನ್ನ ಲಾರಿ ಯಾರಿಗಾದ್ರೂ ತಗಲಿದ್ರೆ ನಾನು ಕೊಡ್ತೀನಾ? ಕೊಟ್ಟು ಬದುಕೋಕಾಗುತ್ತಾ? ಅದಕ್ಕೇ ಅಲ್ವಾ ಇನ್ಶೂರೆನ್ಸ್ ಅಂತ ಇರೋದು. ಗಾಡಿ ಕೆಲಸಕ್ಕೆ ಕಳಿಸಿದೋರು ಕೊಡ್ಲಿ."

ಸ್ಕೂಟರಿನ ನಂಬರು ಬೀಗದ ಕೈಯವನಿಗೆ ನೆನಪಿತ್ತು. ಬೀದಿಯಲ್ಲಿ ಹೋಗುವ ಗಾಡಿಗಳ ನಂಬರು ನೆನಪಿಡುವುದು ಅವನ ಚಟ. ತಡವಾಗಿಯಾದರೂ ಪೊಲೀಸರಲ್ಲಿ ದೂರು ಬರೆಸಿದರು. ಅಂಚೆ ಕಚೇರಿಯ ಮೇಲಿನ ಮಹಡಿಯಲ್ಲಿ ಉಚಿತ ಕಾನೂನು ಸಲಹೆಯ ಕೋಣೆಯಿದೆ: ಎರಡು ಮೇಜು, ಗೋಡೆಗೆ ಒರಗಿಸಿದ ಕಡತಗಳು, ಕಿರುಗುಟ್ಟುವ ಫ್ಯಾನು. ಅಲ್ಲಿಯ ವಕೀಲೆ ಚುರುಕಾದ ಹೆಂಗಸು, ಬಿಸ್ಕತ್ತು ತಿನ್ನುತ್ತಲೇ ಅರ್ಜಿ ಓದಿ ಮುಗಿಸುವವಳು. ಅತ್ತೆ ಸೊಸೆ ಇಬ್ಬರೂ ಹೋಗಿ ಅವಳ ಮುಂದೆ ಕೂತರು. ಎಲ್ಲ ಕೇಳಿಕೊಂಡು ವಕೀಲೆ ಹೇಳಿದಳು:

"ಅವತ್ತು ಹಾಕಿಕೊಂಡಿದ್ದ ಕೋಟು ಜೋಪಾನವಾಗಿದೆ ತಾನೇ?"

"ಇದೆ ಮೇಡಂ. ಹಾಕಿಕೊಂಡೇ ಬಂದಿದೀನಿ."

ವಕೀಲೆ ಬಿಸ್ಕತ್ತು ಕೆಳಗಿಟ್ಟಳು. "ಇದಾ? ಎಲ್ಲಿ ಹರಿದಿದೆ?"

"ಹರಿದಿತ್ತು. ರಫು ಹಾಕಿದೆ."

"ಕೇಕು ಮೆತ್ತಿತ್ತು ಅಂದ್ರಿ?"

"ಪಕ್ಕದೋರ ಹತ್ರ ತೊಳೆಸಿದೆ."

ವಕೀಲೆ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡಳು. "ಅಕ್ಕಾ, ಈ ಕುರ್ಚೀಲಿ ಕೂತು ಬೇಕಾದಷ್ಟು ಜನರನ್ನ ನೋಡಿದೀನಿ. ಸಾಕ್ಷಿ ಬಚ್ಚಿಟ್ಟೋರು ಇದ್ದಾರೆ, ಸುಟ್ಟೋರು ಇದ್ದಾರೆ. ಇಸ್ತ್ರಿ ಮಾಡಿ, ರಫು ಹಾಕಿ ತಂದೋರು ನೀವೇ ಮೊದಲು."

"ಮುಟ್ಟಿ ನೋಡು ವಕೀಲಮ್ಮ, ಹೇಗೆ ಬಂದಿದೆ," ಎಂದರು ಅತ್ತೆ ಹೆಮ್ಮೆಯಿಂದ. ಸೊಸೆ ಅವರ ಮೊಣಕೈ ತಿವಿದಳು.

ವಕೀಲೆ ಎರಡು ಕಡೆಗೂ ನೋಟಿಸು ಕಳಿಸಿದಳು, ಎರಡು ಕಡೆಯಿಂದಲೂ ಉತ್ತರ ಬಂತು. ಸ್ಕೂಟರಿನ ವಿಮೆ ಕಂಪನಿ ಹೇಳಿದ್ದು: ಈ ಗಾಡಿಗೆ ಸ್ವಂತ ಬಳಕೆಯ ವಿಮೆ ಮಾತ್ರ ಇದೆ, ಆ ಹೊತ್ತಿನಲ್ಲಿ ಸವಾರ ಡೆಲಿವರಿ ಕೆಲಸದಲ್ಲಿದ್ದ, ಆದ್ದರಿಂದ ನಮ್ಮ ಹೊಣೆಯಿಲ್ಲ. ಡೆಲಿವರಿ ಕಂಪನಿ ಹೇಳಿದ್ದು: ಸವಾರ ನಮ್ಮ ನೌಕರನಲ್ಲ, ಪಾಲುದಾರ, ಆ ಆರ್ಡರು ರದ್ದಾಗಿದೆ, ಆದ್ದರಿಂದ ಆ ಹೊತ್ತಿನಲ್ಲಿ ಅವನು ಡೆಲಿವರಿ ಕೆಲಸದಲ್ಲಿರಲಿಲ್ಲ. ಸಾಲದ್ದಕ್ಕೆ, ಅರ್ಜಿದಾರರ ಬಟ್ಟೆಯ ಮೇಲೂ ಮೊದಲ ಎಕ್ಸ್‌ರೇಯಲ್ಲೂ ಅಪಘಾತದ ಗುರುತೇ ಇಲ್ಲ.

"ಒಬ್ಬರು ಕೆಲಸದಲ್ಲಿದ್ದ ಅಂತಾರೆ, ಇನ್ನೊಬ್ಬರು ಇರಲಿಲ್ಲ ಅಂತಾರೆ," ಎಂದಳು ರಫು ಅಕ್ಕ.

"ಕೊಡೋದಿಲ್ಲ ಅನ್ನೋದ್ರಲ್ಲಿ ಮಾತ್ರ ಅಣ್ಣತಮ್ಮಂದಿರು," ಎಂದಳು ವಕೀಲೆ. "ಅವನು ಆರ್ಡರ್ ಹೊತ್ತುಕೊಂಡಿದ್ದ ಅಂತ ತೋರಿಸಬೇಕು ಅಕ್ಕ. ಅಷ್ಟು ಆದ್ರೆ ಡೆಲಿವರಿ ಕಂಪನಿ ತಪ್ಪಿಸಿಕೊಳ್ಳೋಕಾಗಲ್ಲ. ಅಪಘಾತಕ್ಕೆ ಅಂತ ಅವರದ್ದೇ ಬೇರೆ ವಿಮೆ ಇದೆ."

ಸುದ್ದಿ ಕೇಳಿದ ಬೀಗದ ಕೈಯವನು ಕೂಡಲೇ ಉಪಾಯ ಹೇಳಿದ. "ರಫು ಬಿಚ್ಚಿಬಿಡಿ ಅಕ್ಕಾ. ಎಳೆ ಎಳೆದ್ರೆ ಹರಿದದ್ದು ಬಾಯಿ ಬಿಡುತ್ತೆ. ಒಂದಿಷ್ಟು ನೀಲಿ ಕ್ರೀಮು ಬೇಕರೀಲಿ ಸಿಗುತ್ತೆ."

"ಬಿಚ್ಚಿದ್ರೆ ಅದು ಸ್ಕೂಟರು ಹರಿದದ್ದಾಗಲ್ಲ, ನಾನು ಹರಿದದ್ದಾಗುತ್ತೆ," ಎಂದಳು ಆಕೆ.

"ಕ್ರೀಮು ಬೇಕಾದ್ರೆ ಅವನ ಮುಖಕ್ಕೆ ಹಚ್ಚು," ಎಂದರು ಅತ್ತೆ.

ಮನೆಯ ಕಿಟಕಿಯ ಬಳಿ ಪ್ಲಾಸ್ಟರಿನ ಕೈ ತೊಡೆಯ ಮೇಲಿಟ್ಟುಕೊಂಡು ಕೂರುವುದೇ ಆಕೆಯ ಕೆಲಸವಾಯಿತು. ಹಳೆಯ ಗಿರಾಕಿಗಳು ತಮ್ಮ ಬಟ್ಟೆ ವಾಪಸು ಒಯ್ದರು. ಡಾಕ್ಟರ ಬಳಿ ಹೋದಾಗಲೆಲ್ಲ ಅವರು ಚಿತ್ರವನ್ನು ಬೆಳಕಿಗೆ ಹಿಡಿದು, "ಯಾವಾಗ ಮಾಡಿಸ್ತೀರಿ?" ಎಂದು ಕೇಳುತ್ತಿದ್ದರು.

ಒಂದು ದಿನ ಅಂಗಡಿ ಗುಡಿಸಿ ಬರೋಣವೆಂದು ಅತ್ತೆ ಸೊಸೆ ಹೋಗಿದ್ದಾಗ ಬಾಗಿಲಲ್ಲಿ ಬೂದುಮೀಸೆಯವನು ನಿಂತಿದ್ದ, ಕಂಕುಳಲ್ಲಿ ಹರಿದ ಚೀಲ.

"ಹೊಲಿದು ಕೊಡ್ತೀನಿ ಅಂದಿದ್ರಿ..." ಎಂದು ಶುರುಮಾಡಿದವನು ಪ್ಲಾಸ್ಟರು ನೋಡಿ ನಿಲ್ಲಿಸಿದ.

"ಬಾರಪ್ಪ ಬಾ," ಎಂದರು ಅತ್ತೆ. "ಕೈ ಮುರಿದೋರ ಹತ್ರ ಚೀಲ ಹೊಲಿಸೋಕೆ ಬಂದ್ಯಾ? ಇನ್ನೇನಾದ್ರೂ ಹೊಲಿಯೋದಿದ್ರೆ ಅದನ್ನೂ ತರಬೇಕಿತ್ತು."

"ಅತ್ತೆ, ಸಾಕು. ಕೂತ್ಕೊಳ್ಳಿ ಅಣ್ಣ."

ಅವನು ಕೂರಲಿಲ್ಲ. ಚೀಲ ಒಂದು ನೆಪ. ನೋಟಿಸು ಅವನ ಅಳಿಯನ ಹೆಸರಿಗೆ ಹೋಗಿತ್ತು. ಗಾಡಿ ಅಳಿಯನದು, ಆ್ಯಪಿನ ಖಾತೆಯೂ ಅಳಿಯನದು. ಬೂದುಮೀಸೆ ಕೆಲಸ ಮಾಡುತ್ತಿದ್ದ ಛಾಪಖಾನೆ ಮುಚ್ಚಿತ್ತು. ಅವನ ವಯಸ್ಸಿನವರನ್ನು ಆ್ಯಪಿನವರು ಸೇರಿಸಿಕೊಳ್ಳುವುದಿಲ್ಲ. ಅಳಿಯ ಹಗಲು ಟೈರು ಅಂಗಡಿಯಲ್ಲಿರುತ್ತಾನೆ, ಸಂಜೆ ತಾನು ಡೆಲಿವರಿ ಮಾಡುತ್ತಾನೆ, ಹಗಲಿನಲ್ಲಿ ಮಾವ. ಇದು ಕಂಪನಿಯ ನಿಯಮಕ್ಕೆ ವಿರುದ್ಧ. ತಿಳಿದರೆ ಖಾತೆ ಮುಚ್ಚುತ್ತಾರೆ, ಇಬ್ಬರ ಡೆಲಿವರಿ ದುಡಿಮೆಯೂ ಒಟ್ಟಿಗೆ ಹೋಗುತ್ತದೆ.

ಇಷ್ಟನ್ನೂ ಅವನು ನೆಲ ನೋಡುತ್ತಲೇ ಹೇಳಿದ. ಕೊನೆಗೆ ಫೋನು ತೆಗೆದು ಆಕೆಯ ಮುಂದೆ ಹಿಡಿದ. ಅವತ್ತಿನ ಫೋಟೊ. ನಡುವೆ ಒಡೆದ ಕೇಕು, ಅಂಚಿನಲ್ಲಿ ಆಕೆಯ ಕೋಟಿನ ತೋಳು, ಮೊಣಕೈಯಿಂದ ಮಣಿಕಟ್ಟಿನ ತನಕ ಸೀಳಿದ್ದು, ಮೇಲೆ ನೀಲಿ ಕ್ರೀಮು.

"ಅಳಿಸಿ ಹಾಕು ಅಂತಾನೆ ಅಳಿಯ. ಕೈ ಬರ್ತಿಲ್ಲ."

ಆಕೆ ಫೋಟೊವನ್ನು ಬಹಳ ಹೊತ್ತು ನೋಡಿದಳು. ಕಿತ್ತುಕೊಳ್ಳಬಹುದಿತ್ತು, ಅಳಬಹುದಿತ್ತು, ಅತ್ತೆಯ ಬಾಯಿ ಆಗಲೇ ತೆರೆದಿತ್ತು, ಅದನ್ನು ಅದರ ಪಾಡಿಗೆ ಬಿಡಬಹುದಿತ್ತು. ಆಕೆ ಹೇಳಿದ್ದು ಇಷ್ಟು: "ಇದು ನಿಮ್ಮೊಬ್ಬರ ಮಾತಲ್ಲ ಅಣ್ಣ, ಅಳಿಯಂದೂ ಹೌದು. ಅವರನ್ನೂ ಕರ್ಕೊಂಡು ಬನ್ನಿ. ನಿಮ್ಮ ಮನೆ ಒಲೆ ಆರಿಸಿ ನನ್ನ ಕೈ ರಿಪೇರಿ ಮಾಡಿಸು ಅಂತ ನಾನು ಹೇಳಲ್ಲ. ಆದ್ರೆ ಕೈ ಇಲ್ಲದೆ ನನಗೂ ಒಲೆ ಇಲ್ಲ. ಅದಷ್ಟು ಅವರಿಗೆ ಹೇಳಿ."

ಅವನು ಹೋದ ಮೇಲೆ ಅತ್ತೆ ಸಿಡುಕಿದರು. "ಫೋನು ಕೈಗೆ ಬಂದಿತ್ತಲ್ಲೇ! ಫೋಟೊ ಕಳಿಸಿಕೋಬಾರದಿತ್ತಾ? ಇನ್ನು ಅವನೂ ಬರಲ್ಲ, ಅವನ ಮೀಸೇನೂ ಬರಲ್ಲ."

ವಾರ ಕಳೆಯಿತು, ಇನ್ನೊಂದು ವಾರವೂ. ವಕೀಲೆ ಕೇಳಿದಾಗ ಆಕೆ, "ಇನ್ನೂ ಸ್ವಲ್ಪ ಕಾಯೋಣ ಮೇಡಂ" ಎಂದಳು. ಅತ್ತೆಯ ಮಾತೇ ನಿಜವಾಗುವಂತೆ ಕಂಡಿತು.

ಒಂದು ಭಾನುವಾರ ಮಾವ ಅಳಿಯ ಇಬ್ಬರೂ ಅಂಗಡಿಗೆ ಹೋಗಿ, ಅಲ್ಲಿಂದ ಬೀಗದ ಕೈಯವನನ್ನು ಕೇಳಿಕೊಂಡು ಮನೆಗೇ ಬಂದರು. ಅಳಿಯ ಗಿಡ್ಡ, ಗಟ್ಟಿ ಆಳು. ಉಗುರಿನ ಸಂದಿಯಲ್ಲಿ ಟೈರಿನ ಕಪ್ಪು. ಜಗಳಕ್ಕೇ ಸಿದ್ಧನಾಗಿ ಬಂದಿದ್ದ.

"ನಮ್ಮ ಮಾವ ಮೆತ್ತಗಿನೋರು, ಯಾರು ಏನು ಹೇಳಿದ್ರೂ ನಂಬ್ತಾರೆ. ಆ ಕೋಟು ತೋರಿಸಿ ಮೊದಲು."

ಆಕೆ ಕೋಟು ತಂದು ಕೊಟ್ಟಳು. ಅವನು ತೋಳು ತಿರುಗಿಸಿ ನೋಡಿದ, ಬಾಗಿಲ ಬೆಳಕಿಗೆ ಒಯ್ದು ನೋಡಿದ. "ಏನಾಗಿದೆ ಇದಕ್ಕೆ? ಹೊಸದಿದ್ದಂಗಿದೆ. ಇದಕ್ಕೆ ಪರಿಹಾರ ಬೇರೆ ಬೇಕಾ ನಿಮಗೆ?"

"ಕೋಟಿಗಲ್ಲ, ಕೈಗೆ."

"ಎಲ್ಲಿ ಹರಿದಿತ್ತು, ತೋರಿಸಿ ನೋಡೋಣ."

ಆಕೆ ತೋಳಿನ ಒಳಮಗ್ಗುಲು ತಿರುವಿದಳು. ಒಳಗಿನ ಅಸ್ತರು ಬಿಡಿಸಿದ ಜಾಗದಲ್ಲಿ ಎಳೆಗಳ ತುದಿಗಳು ಸಾಲಾಗಿ ಕಂಡವು. ಬೂದುಮೀಸೆ ಪಕ್ಕದಲ್ಲಿ ಫೋಟೊ ಹಿಡಿದ. ಅಳಿಯ ಫೋಟೊ ನೋಡಿದ, ತೋಳು ನೋಡಿದ, ಹೊರಮಗ್ಗುಲಿಗೆ ತಿರುಗಿಸಿ ಮತ್ತೆ ಹುಡುಕಿದ, ಸಿಗಲಿಲ್ಲ. ಅವನ ಮುಖದ ಬಿಗುವು ಸ್ವಲ್ಪ ಇಳಿಯಿತು. ಟೈರಿಗೆ ಪಂಕ್ಚರು ಹಾಕುವವನಿಗೆ ಬೇರೆಯವರ ಕೈಕೆಲಸ ಕಂಡರೆ ತಿಳಿಯುತ್ತದೆ.

"ಇದನ್ನ ಈ ಕೈಯಲ್ಲೇ ಮಾಡಿದ್ರಾ?"

"ಮೂಳೆ ಮುರಿದ ಮೇಲೆ, ಅದೇ ದಿನ," ಎಂದರು ಅತ್ತೆ. "ಈಗ ಒಂದು ಲೋಟ ಹಿಡಿಯೋಕೆ ಹೇಳು ನೋಡೋಣ."

ಆಕೆ ವಕೀಲೆ ಹೇಳಿದ್ದನ್ನು ಅವನಿಗೂ ಹೇಳಿದಳು. "ಹೆದರಿಸೋಕೆ ಹೇಳ್ತಿಲ್ಲ ತಮ್ಮಾ, ತಿಳಿದಿರಲಿ ಅಂತ. ಎರಡು ಕಂಪನಿಯೋರೂ ಕೈ ತೊಳ್ಕೊಂಡ್ರೆ ಕೊನೆಗೆ ಉಳಿಯೋದು ಗಾಡಿ ಯಾರ ಹೆಸರಲ್ಲಿದೆಯೋ ಅವರು. ನಿಮ್ಮನ್ನ ಕೋರ್ಟಿಗೆ ಎಳೆಯೋ ಇಷ್ಟ ನನಗಿಲ್ಲ. ಆರ್ಡರ್ ಇತ್ತು ಅಂತ ಆದ್ರೆ ನಿಮ್ಮ ತಲೆ ಮೇಲೆ ಬರೋದಿಲ್ಲ. ಖಾತೆ ಹೋಗಬಹುದು. ಅದನ್ನ ಸುಳ್ಳು ಹೇಳಿ ಮುಚ್ಚಿಡಲ್ಲ ನಾನು."

ಅಳಿಯ ಮಾವನ ಕಡೆ ನೋಡಿದ. ಮಾವ ಗೋಡೆ ನೋಡುತ್ತಿದ್ದ.

"ಈ ಖಾತೆ ಹಾಳಾಗ್ಲಿ," ಎಂದ ಅಳಿಯ ಕೊನೆಗೆ. "ಹೇಗೂ ತಿಂಗಳಿಂದ ತಿಂಗಳಿಗೆ ಕಮ್ಮೀನೇ ಕೊಡ್ತಿದ್ದಾರೆ. ಮಾವ, ಫೋಟೊ ಕಳಿಸಿ ಇವರಿಗೆ. ಮನೇಲಿ ನಿಮ್ಮ ಮಗಳಿಗೆ ಮಾತ್ರ ನೀವೇ ಹೇಳ್ಬೇಕು, ನನ್ನ ಕೈಲಾಗಲ್ಲ."

ಅವನು ಒಪ್ಪಿದ್ದು ನ್ಯಾಯಕ್ಕೋ, ಗಾಡಿ ತನ್ನ ಹೆಸರಲ್ಲಿದೆ ಎಂಬ ಭಯಕ್ಕೋ ಎಂದು ಬಿಡಿಸಿ ನೋಡುವ ಅಗತ್ಯವಿಲ್ಲ. ಮನುಷ್ಯರ ಒಳ್ಳೆಯ ಕೆಲಸಗಳಲ್ಲಿ ಎರಡೂ ಎಳೆ ಇರುತ್ತವೆ. ಬಟ್ಟೆ ಗಟ್ಟಿಯಿದ್ದರೆ ಸಾಕು.

ರಾಜಿ ಮಾತುಕತೆ ನಡೆದದ್ದು ನ್ಯಾಯಾಲಯದ ಹಿಂಬದಿಯ ಒಂದು ಕೋಣೆಯಲ್ಲಿ. ಉದ್ದ ಮೇಜು, ಪ್ಲಾಸ್ಟಿಕ್ ಕುರ್ಚಿಗಳು, ತಲೆಕಡೆಯಲ್ಲಿ ಮಧ್ಯಸ್ಥಗಾರರಾಗಿ ನಿವೃತ್ತ ನ್ಯಾಯಾಧೀಶರೊಬ್ಬರು. ಡೆಲಿವರಿ ಕಂಪನಿಯಿಂದ ಟೈ ಕಟ್ಟಿದ ಒಬ್ಬ ಯುವಕ ಬಂದಿದ್ದ. ಅವನು ಮಾತಿಗೊಮ್ಮೆ "ನಮ್ಮ ಪಾಲುದಾರರು" ಎನ್ನುತ್ತಿದ್ದ.

ಅತ್ತೆಗೆ ತಡೆಯಲಾಗಲಿಲ್ಲ. "ಏನಪ್ಪಾ, ಪಾಲು ಅಂದ್ರೆ ಬಿದ್ದಾಗ ಮಾತ್ರಾನಾ? ಲಾಭ ಬಂದಾಗ ಇವನಿಗೆ ಎಷ್ಟು ಪಾಲು ಕೊಟ್ರಿ?"

ಮಧ್ಯಸ್ಥರು ಕೆಮ್ಮಿದರು. ನಗು ಮುಚ್ಚಿಕೊಳ್ಳಲು ಇರಬಹುದು.

ವಕೀಲೆ ಫೋಟೊ ಮುಂದಿಟ್ಟಳು. ಟೈಯವನು ತನ್ನ ಲ್ಯಾಪ್‌ಟಾಪಿನಲ್ಲಿ ಹುಡುಕಿದ. ಅದೇ ಫೋಟೊ ಅಲ್ಲೂ ಇತ್ತು. "ಆದರೆ ಆರ್ಡರ್ ರದ್ದಾಗಿದೆ," ಎಂದ.

"ಕೇಕು ಒಡೆದದ್ದಕ್ಕೆ ರದ್ದಾಯಿತು ಸಾರ್. ರದ್ದಾದದ್ದಕ್ಕೆ ಕೇಕು ಒಡೆಯಲಿಲ್ಲ. ಫೋಟೊ ಬಂದದ್ದು ಮೊದಲೋ, ರದ್ದಾದದ್ದು ಮೊದಲೋ, ನೀವೇ ನೋಡಿ ಹೇಳಿ."

ಅವನು ನೋಡಿದ. ಬೇರೆ ದಾರಿ ಹಿಡಿದ. "ಗಾಡಿ ಓಡಿಸಿದವರು ಖಾತೆಯವರಲ್ಲ. ಇದು ಮೋಸ."

ಬೂದುಮೀಸೆ ಎದ್ದು ನಿಂತ. ಕೈ ಕಟ್ಟಿಕೊಂಡು, ತಾನೇ ಓಡಿಸಿದ್ದು, ಕಣ್ಣು ನಕ್ಷೆಯ ಮೇಲಿತ್ತು, ತಪ್ಪು ತನ್ನದು, ಈಯಮ್ಮ ರಸ್ತೆಯ ಅಂಚಿನಲ್ಲೇ ಇದ್ದರು ಎಂದು ತಡವರಿಸದೆ ಹೇಳಿ ಕೂತ. ಅಳಿಯ, "ಖಾತೆ ನಂದು, ಕೊಟ್ಟಿದ್ದೂ ನಾನೇ," ಎಂದ.

"ಅದು ನಿಮಗೂ ಇವರಿಗೂ ಇರುವ ವ್ಯವಹಾರ," ಎಂದರು ಮಧ್ಯಸ್ಥರು ಟೈಯವನಿಗೆ. "ರಸ್ತೆ ದಾಟುವವರು ಎದುರಿಗೆ ಬಂದ ಗಾಡಿಯ ಖಾತೆ ಯಾರ ಹೆಸರಲ್ಲಿದೆ ಎಂದು ಕೇಳಿ ಬೀಳಬೇಕೆ? ನಿಮ್ಮ ಕೇಕು, ನಿಮ್ಮ ಆರ್ಡರು, ನಿಮ್ಮ ಚೀಲ. ಆಪರೇಷನ್ ಎಷ್ಟು ಬೇಗ ಆಗಬೇಕೆಂದು ಡಾಕ್ಟರು ಬರೆದಿದ್ದಾರೆ, ಓದಿ."

ಟೈಯವನು ಹೊರಗೆ ಹೋಗಿ ಫೋನಿನಲ್ಲಿ ಬಹಳ ಹೊತ್ತು ಮಾತಾಡಿ ಬಂದ. ಅಂದುಕೊಂಡಷ್ಟೆಲ್ಲ ಸಿಗಲಿಲ್ಲ. ಆದರೆ ಆಪರೇಷನ್ನಿನ ಪೂರ್ತಿ ಖರ್ಚು, ಅಂಗಡಿ ಮುಚ್ಚಿದ್ದ ಮತ್ತು ಮುಂದೆ ಮುಚ್ಚಿರಬೇಕಾದ ತಿಂಗಳುಗಳ ಗಳಿಕೆ ಕೊಡಲು ಕಂಪನಿಯ ವಿಮೆಯವರು ಒಪ್ಪಿದರು. ಆಕೆ ಸಹಿ ಹಾಕಿದಳು. ಖಾತೆಯನ್ನು ಕಂಪನಿಯವರು ಆ ವಾರವೇ ಮುಚ್ಚಿದರು.

ಅಳಿಯನಿಗೆ ಟೈರು ಅಂಗಡಿಯಲ್ಲಿ ಸಂಜೆಯ ಕೆಲಸವೂ ಸಿಕ್ಕಿತು. ಬೂದುಮೀಸೆಯವನು ಮಾತ್ರ ಕೆಲವು ದಿನ ಸುಮ್ಮನೆ ಅಲೆದ. ಡ್ರೈಕ್ಲೀನಿಂಗಿನವನಿಗೆ ಹೋಟೆಲುಗಳಿಂದ ಬಟ್ಟೆ ತಂದು ಮುಟ್ಟಿಸಲು ಒಬ್ಬ ಬೇಕಿತ್ತು; ಅವನ ಹಿಂದಿನ ಆಳು ಹೇಳದೆ ಕೆಲಸ ಬಿಟ್ಟಿದ್ದ. ರಫು ಅಕ್ಕ ಒಂದು ಮಾತು ಹೇಳಿದಳು. ಕನಿಕರದಿಂದಲಾ ಎಂದು ಯಾರೋ ಕೇಳಿದ್ದಕ್ಕೆ, "ಏನು ಕನಿಕರ? ಓಡಿಹೋಗಬಹುದಾಗಿದ್ದೋರು ತಾವಾಗೇ ವಾಪಸ್ ಬಂದ್ರು. ಬಟ್ಟೆ ನಂಬಿ ಕೊಡೋಕೆ ಇನ್ನೇನು ಬೇಕು," ಎಂದಳಂತೆ. ಅತ್ತೆ ಅವನಿಗೆ ಹಾಕಿದ ಷರತ್ತು ಒಂದೇ: ಹ್ಯಾಂಡಲಿನ ಮೇಲೆ ಫೋನು ಇರಕೂಡದು.

ಆಪರೇಷನ್ ಆಯಿತು. ಮೂಳೆಯ ಚೂರು ಸತ್ತಿರಲಿಲ್ಲ. ಹುರುಳಿಕಾಳಿಗಿಂತ ಸಣ್ಣ ತಲೆಯ ಒಂದು ಸ್ಕ್ರೂ ಈಗ ಆಕೆಯ ಹೆಬ್ಬೆರಳಿನ ಬುಡದಲ್ಲಿದೆ. ಪ್ಲಾಸ್ಟರು ಬಿಚ್ಚಿದಾಗ ಕೈ ಸೊರಗಿ ಬೇರೆ ಯಾರದೋ ಕೈಯಂತೆ ಕಂಡಿತು. ಸ್ಪಂಜು ಹಿಂಡು, ರಬ್ಬರು ಎಳೆ, ಬಿಸಿನೀರಿನಲ್ಲಿ ಬೆರಳಾಡಿಸು ಎಂದು ಆಸ್ಪತ್ರೆಯವರು ಹೇಳಿಕೊಟ್ಟರು. ಮಣಿಕಟ್ಟು ಈಗ ಮೊದಲಿನಷ್ಟು ಬಾಗುವುದಿಲ್ಲ, ಮುಂದೆಯೂ ಬಾಗುವುದಿಲ್ಲ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಹಿಡಿತ ಬರುತ್ತದೆಯೆ ಎಂದು ಆಕೆ ಕೇಳಿದಳು. ಪ್ರಯತ್ನಪಟ್ಟರೆ ಎಂದರು.

ಆಕೆ ಪ್ರಯತ್ನಪಟ್ಟಳು. ಮಧ್ಯಾಹ್ನದ ಬೆಳಕಿನಲ್ಲಿ ಕಿಟಕಿಯ ಬಳಿ ಕೂತು, ಹಳೆಯ ಕಂಬಳಿಯ ಚೂರೊಂದನ್ನು ತಾನೇ ಕತ್ತರಿಸಿ, ಎಡ ಬೆರಳುಗಳ ಮೇಲೆ ಹರಡಿ, ಒರಟು ಎಳೆಯಿಂದ ಶುರುಮಾಡಿದಳು. ಮುಗಿಸಿದ್ದನ್ನು ಅತ್ತೆಯ ಮುಂದಿಟ್ಟಳು. ಅತ್ತೆಗೆ ಕಣ್ಣು ಕಾಣುವುದಿಲ್ಲವಷ್ಟೆ. ತುಟಿಯ ಅಂಚಿಗೆ ತಾಗಿಸಿ, ನೇಯ್ಗೆಯ ಉಬ್ಬುತಗ್ಗು ಅಳೆದರು.

"ಸಡಿಲ."

ಮರುದಿನವೂ "ಸಡಿಲ." ಅದರ ಮರುದಿನ, "ಇದೇನು, ಮೀನಿನ ಬಲೆಯಾ?" ಆಕೆ ಮಣಿಕಟ್ಟು ಹೊಸದಾಗಿ ನಿಲ್ಲುವ ಓರೆಗೆ ತಕ್ಕಂತೆ ಮೊಣಕೈಯನ್ನು ದಿಂಬಿನ ಮೇಲಿಟ್ಟು ನೋಡಿದಳು, ತೊಡೆಯ ಮೇಲಿಟ್ಟು ನೋಡಿದಳು, ಕೊನೆಗೆ ಮೇಜಿನ ಅಂಚಿಗೆ ಒತ್ತಿ ಹಿಡಿದಾಗ ಬಟ್ಟೆ ಬಿಗಿಯಾಗಿ ನಿಂತಿತು. ಒಂದು ಸಾಲು ಎಳೆ ಓಡಿತು, ಮುದುಡಲಿಲ್ಲ. ಎರಡನೆಯ ಸಾಲಿಗೆ ಬೆರಳು ನಡುಗಿತು. ಬಿಟ್ಟು, ಬಿಸಿನೀರಿಗೆ ಕೈ ಹಾಕಿ, ಮತ್ತೆ ಕೂತಳು.

ಆ ಸಂಜೆ ಚೂರನ್ನು ಅತ್ತೆಯ ಕೈಗೆ ಕೊಟ್ಟಾಗ ಅವರು ತುಟಿಗೆ ತಾಗಿಸಿ ಈ ತುದಿಯಿಂದ ಆ ತುದಿಗೆ ಎಳೆದರು. ಇನ್ನೊಮ್ಮೆ ಎಳೆದರು. ಪಕ್ಕದಲ್ಲಿದ್ದ ಬುಟ್ಟಿಯನ್ನು ತಡಕಿ, ಕಂಬಳಿಗಿಂತ ನಯವಾದ ಉಣ್ಣೆಯ ಚೂರೊಂದನ್ನು ಹುಡುಕಿ ಸೊಸೆಯ ಕಡೆಗೆ ತಳ್ಳಿದರು.

ಸೋಮವಾರ ಅಂಗಡಿಯ ಬಾಗಿಲು ತೆರೆಯಿತು.